ಮಾರಾಟಕ್ಕಿದೆ, ಅರ್ಜೆಂಟ್

ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಬೆಂಗಳೂರಿನ ದೊಡ್ಡತೋಗೂರಿನಲ್ಲಿ ಯಾವ ಅಡ್ಡರಸ್ತೆಗೆ ಹೋದರೂ ಒಂದಲ್ಲ ಒಂದು ಮನೆಯ ಮುಂದೆ ಲಗೇಜ್ ಗಾಡಿ ನಿಂತಿರುತ್ತದೆ. ಹಾಸಿಗೆಯನ್ನು ಸುರುಳಿ ಸುತ್ತಿ ಹಗ್ಗ ಬಿಗಿದಿರುತ್ತಾರೆ. ಮಗುವಿನ ಸೈಕಲ್ ಎಲ್ಲದರ ಮೇಲೆ ತಲೆಕೆಳಗಾಗಿ ಕೂತಿರುತ್ತದೆ. ಗಾಡಿಗೆ ಹತ್ತದೆ ಉಳಿದ ಒಂದು ಬೀರು, ಒಂದು ವಾಷಿಂಗ್ ಮಷೀನು ಗೇಟಿನ ಪಕ್ಕದಲ್ಲಿ ಕಾಯುತ್ತಿರುತ್ತವೆ. ಮನೆಯಾತ ಮೊಬೈಲ್ ಹಿಡಿದು ಅವುಗಳ ಫೋಟೊ ತೆಗೆಯುತ್ತಿರುತ್ತಾನೆ. ಸಂಜೆಯೊಳಗೆ ಮನೆ ಖಾಲಿ ಮಾಡಿ ಓನರ್ ಕೈಗೆ ಬೀಗದ ಕೈ ಕೊಡಬೇಕು, ಕೊಟ್ಟರೇ ಅಡ್ವಾನ್ಸ್ ವಾಪಸ್ಸು. ಹಾಗಾಗಿ ಫೋಟೊದ ಕೆಳಗೆ ಅವನು ಬರೆಯುವುದು ಯಾವಾಗಲೂ ಒಂದೇ ಮಾತು: ‘ಮಾರಾಟಕ್ಕಿದೆ, ಅರ್ಜೆಂಟ್.’

ಈ ‘ಅರ್ಜೆಂಟ್’ ಎಂಬ ಪದವನ್ನೇ ಹುಡುಕಿಕೊಂಡು ಎಲ್ಲೋ ದೂರದಲ್ಲಿ ಒಬ್ಬ ಕೂತಿರುತ್ತಾನೆ ಎಂದು ನನಗೆ ಗೊತ್ತಾದದ್ದು 2019ರಲ್ಲಿ.

ಆಗ ನಾವು ನೀಲಾದ್ರಿ ರಸ್ತೆಯ ಬಳಿಯ ಬಾಡಿಗೆ ಮನೆ ಬಿಟ್ಟು ಹೊರಡುವವರಿದ್ದೆವು. ಹೊಸ ಮನೆಯ ಅಡುಗೆಕೋಣೆಯಲ್ಲಿ ನಮ್ಮ ಫ್ರಿಜ್ ಹಿಡಿಸುತ್ತಿರಲಿಲ್ಲ. 6,500 ರೂಪಾಯಿ ಎಂದು ಬರೆದು ಮೊಬೈಲಿನಲ್ಲಿ ಜಾಹೀರಾತು ಹಾಕಿದೆ. ಹತ್ತು ನಿಮಿಷ ಕಳೆದಿರಲಿಲ್ಲ, ಫೋನು ಬಂತು. ಹಿಂದಿಯಲ್ಲಿ ಮಾತು, ತುಂಬ ಮರ್ಯಾದೆಯ ದನಿ. ‘ಸಾರ್, ನಾನು ಸಿಐಎಸ್‌ಎಫ್‌ನವನು. ಎಲೆಕ್ಟ್ರಾನಿಕ್ ಸಿಟಿಗೆ ಟ್ರಾನ್ಸ್‌ಫರ್ ಆಗಿದೆ, ಮುಂದಿನ ವಾರ ಹೆಂಡತಿ ಮಕ್ಕಳನ್ನು ಕರಕೊಂಡು ಬರ್ತೀನಿ. ಫ್ರಿಜ್ ಬೇರೆ ಯಾರಿಗೂ ಕೊಡಬೇಡಿ, ಈಗಲೇ ಪೂರ್ತಿ ದುಡ್ಡು ಹಾಕಿಬಿಡ್ತೀನಿ’ ಎಂದ. ಚೌಕಾಸಿ ಮಾಡಲಿಲ್ಲ. ಫ್ರಿಜ್ ಎಷ್ಟು ವರ್ಷದ್ದು, ತಣ್ಣಗಾಗುತ್ತದೆಯೇ ಎಂದು ಕೇಳಲೂ ಇಲ್ಲ. ಸಮವಸ್ತ್ರ ತೊಟ್ಟ ಫೋಟೊ, ಗುರುತಿನ ಚೀಟಿ, ಆಧಾರ್ ಮೂರೂ ವಾಟ್ಸ್ಆ್ಯಪ್‌ನಲ್ಲಿ ಬಂದವು. ಖಾತೆ ಸರಿಯಿದೆಯೋ ನೋಡೋಣ ಎಂದು 5 ರೂಪಾಯಿ ಹಾಕಿದ. ಅದು ನಿಜವಾಗಿಯೂ ಬಂತು. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, ‘ಸ್ಕ್ಯಾನ್ ಮಾಡಿ ಪಿನ್ ಹಾಕಿ ಸಾರ್, 6,500 ಬಂದುಬಿಡುತ್ತೆ’ ಎಂದ.

ಪಿನ್ ಹಾಕಿದೆ. 6,500 ಹೋಯಿತು. ‘ಅಯ್ಯೋ ಸಾರ್, ಏನೋ ತಪ್ಪಾಗಿದೆ, ಇನ್ನೊಂದು ಸಲ ಮಾಡಿ, ಎರಡೂ ಸೇರಿ ವಾಪಸ್ ಬರುತ್ತೆ’ ಎಂದು ಗಾಬರಿಯ ದನಿಯಲ್ಲಿ ಹೇಳಿದ. ಮತ್ತೆ ಮಾಡಿದೆ. 13,000 ರೂಪಾಯಿ. ಆ ಪರದೆಯ ಮೇಲೆ ‘ಪೇ’ ಎಂದೇ ಬರೆದಿತ್ತು. ಕಣ್ಣು ಅದರ ಮೇಲಿದ್ದರೂ ನಾನು ಓದಲಿಲ್ಲ, ಕಿವಿಯಲ್ಲಿ ಅವನ ಮಾತಿತ್ತು. ಅಡುಗೆಮನೆಯಿಂದ ಹೆಂಡತಿ ‘ಏನ್ರೀ, ಫ್ರಿಜ್ ಹೋಯ್ತಾ?’ ಎಂದಳು. ‘ಇನ್ನೂ ಇಲ್ಲ’ ಎಂದೆ. ಎರಡು ದಿನ ಯಾರಿಗೂ ಹೇಳಲಿಲ್ಲ.

ಇಂಥ ಮೋಸದ ಸುದ್ದಿ ಬಂದಾಗಲೆಲ್ಲ ‘ದುರಾಸೆಗೆ ಬಿದ್ದರು’ ಎಂಬ ಮಾತು ಕೇಳುತ್ತೇನೆ. ಷೇರಿನಲ್ಲಿ ಹತ್ತರಷ್ಟು ಲಾಭ ಎಂದವರನ್ನು ನಂಬಿ ಕೆಟ್ಟವರಿಗೆ ಆ ಮಾತು ಸಲ್ಲಬಹುದು. ಹಳೆಯ ಫ್ರಿಜ್ಜನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಡಲು ಹೊರಟವನಿಗೆ ಎಲ್ಲಿಯ ದುರಾಸೆ? ಅವನಿಗಿರುವುದು ಅವಸರ, ಜೊತೆಗೆ ಒಂದಿಷ್ಟು ಸಂಕೋಚ. ಸೈನಿಕ ಎಂದವನ ಮೇಲೆ ಅನುಮಾನ ಪಡುವುದು ಹೇಗೆ ಎಂಬ ಸಂಕೋಚ, ಪೂರ್ತಿ ದುಡ್ಡು ಮೊದಲೇ ಕೊಡುತ್ತೇನೆ ಎನ್ನುವ ಒಳ್ಳೆಯವನನ್ನು ಕಾಯಿಸಬಾರದು ಎಂಬ ಸಂಕೋಚ. ಕಳ್ಳ ಬಂದದ್ದು ಆ ಬಾಗಿಲಿನಿಂದ.

ಆ ವೇಷವೂ ಇಲ್ಲಿಗೆ ಹೊಂದಿಕೊಂಡೇ ಇತ್ತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಿಐಎಸ್‌ಎಫ್, ಅಂದರೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಸಮವಸ್ತ್ರ ದಿನವೂ ಕಣ್ಣಿಗೆ ಬೀಳುತ್ತದೆ. 2009ರಲ್ಲಿ ಇನ್ಫೊಸಿಸ್ ಆವರಣದ ಕಾವಲಿಗೆ ಆ ಪಡೆ ಬಂತು, ಖಾಸಗಿ ಕಂಪನಿಯೊಂದಕ್ಕೆ ಅದು ಕಾವಲು ನಿಂತದ್ದು ಅದೇ ಮೊದಲು. ದೇವನಹಳ್ಳಿ ವಿಮಾನ ನಿಲ್ದಾಣದಲ್ಲೂ ಅವರೇ. ಪೀಣ್ಯದ ಮಗ್ಗುಲಲ್ಲೇ ಜಾಲಹಳ್ಳಿಯ ವಾಯುಪಡೆ ನೆಲೆಯಿದೆ. ವರ್ಗವಾಗಿ ಬಂದ ಯೋಧ ಹಳೆಯ ಮಂಚ, ಹಳೆಯ ಬೈಕು ಹುಡುಕುವುದು ನಮ್ಮ ಕಡೆ ನಂಬಲಾಗದ ಸಂಗತಿಯಲ್ಲ. ಆ ಫೋಟೊದಲ್ಲಿದ್ದ ಮುಖ ಯಾವುದೋ ನಿಜವಾದ ಜವಾನನದೇ ಇರಬೇಕು. ಹಿಂದೆ ಯಾವಾಗಲೋ ಆತನೂ ಏನೋ ಮಾರಲು ಹೋಗಿ ನಂಬಿಕೆಯಿಂದ ತನ್ನ ಗುರುತಿನ ಚೀಟಿ ಕಳಿಸಿರಬಹುದು. ಈಗ ಅವನಿಗೇ ತಿಳಿಯದಂತೆ ಅವನ ಮುಖ ಊರೂರಿನಲ್ಲಿ ಜನರನ್ನು ಸುಲಿಯುತ್ತಿದೆ. ಅದಕ್ಕೇ ಹೇಳುತ್ತೇನೆ, ಕೊಳ್ಳುವವನು ‘ನಂಬಿಕೆಗೆ ನಿಮ್ಮ ಆಧಾರ್ ಕಳಿಸಿ’ ಎಂದರೆ ಕಳಿಸಬೇಡಿ. ಹಳೆಯ ಮಂಚಕ್ಕೆ ಆಧಾರ್ ಯಾಕೆ ಬೇಕು?

ಹಳೆಯ ಸಾಮಾನು ಮಾರುವುದು ನಮಗೆ ಹೊಸದಲ್ಲ. ಹಳೇ ಬಟ್ಟೆ ಕೊಟ್ಟರೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬುಟ್ಟಿ ಹೊತ್ತು ಬೀದಿಗೆ ಬರುತ್ತಿದ್ದಳು. ಒಂದು ರೇಷ್ಮೆ ಸೀರೆಗೆ ಒಂದು ಡಬರಿಯೋ ಎರಡೋ ಎಂದು ಅಮ್ಮ ಅರ್ಧ ಗಂಟೆ ಜಗಳವಾಡುತ್ತಿದ್ದಳು. ಗುಜರಿಯವನ ತಕ್ಕಡಿಯ ಮೇಲೆ ಎಲ್ಲರ ಕಣ್ಣಿರುತ್ತಿತ್ತು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಇವತ್ತಿಗೂ ರೇಡಿಯೊವನ್ನು ಹಚ್ಚಿ ನೋಡಿ, ಕಿವಿಗೆ ಹಿಡಿದು, ಆಮೇಲೆಯೇ ಜೇಬಿಗೆ ಕೈ ಹಾಕುತ್ತಾರೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ದಲ್ಲಾಳಿ ಟವೆಲ್ಲಿನ ಕೆಳಗೆ ಕೈಹಿಡಿದು ಬೆರಳಲ್ಲೇ ಬೆಲೆ ಹೇಳುತ್ತಾನೆ. ಬೆಲೆ ಗುಟ್ಟು. ಉಳಿದದ್ದೆಲ್ಲ ಬಟ್ಟಬಯಲು: ಎತ್ತು ಎದುರಿಗಿದೆ, ಹಲ್ಲು ಎಣಿಸಿ ಆಗಿದೆ, ಸುತ್ತ ಹತ್ತು ಜನ ನಿಂತಿದ್ದಾರೆ, ಹಗ್ಗ ಕೈ ಬದಲಾಗುವಾಗಲೇ ದುಡ್ಡೂ ಕೈ ಬದಲಾಗುತ್ತದೆ.

ಆ ವ್ಯಾಪಾರದಲ್ಲಿ ‘ಸಂಚಕಾರ’ ಎಂಬ ಪದವೊಂದಿತ್ತು. ಮಾತು ಕುದುರಿತು, ಇನ್ನು ಬೇರೆಯವರಿಗೆ ಕೊಡಬೇಡ ಎಂದು ಕೊಳ್ಳುವವನು ಕೊಡುವ ಮುಂಗಡ ಅದು. ನಿಘಂಟು ತೆರೆದರೆ ಆ ಅರ್ಥ ಇವತ್ತಿಗೂ ಸಿಗುತ್ತದೆ. ಆಡುಮಾತಿನಲ್ಲಿ ಮಾತ್ರ ಈಗ ‘ಪ್ರಾಣಕ್ಕೆ ಸಂಚಕಾರ’ ಎನ್ನುತ್ತೇವೆ, ಕೇಡು ಎಂಬ ಅರ್ಥದಲ್ಲಿ. ಮುಂಗಡ ಎಂಬ ಪದ ಹೇಗೆ ಕೇಡಾಯಿತೆಂದು ಭಾಷೆ ಬಲ್ಲವರು ಹೇಳಬೇಕು. ನನ್ನ ಫ್ರಿಜ್ಜಿನ ಮಟ್ಟಿಗೆ ಎರಡು ಅರ್ಥಗಳೂ ಆ 5 ರೂಪಾಯಿಯೊಳಗೇ ಇದ್ದವು.

ಈ ಮೋಸದ ಕಸುಬಿಗೆ ಒಂದು ಪೂರ್ವೇತಿಹಾಸವಿದೆ. ಹರಿಯಾಣ, ರಾಜಸ್ಥಾನ, ಉತ್ತರ ಪ್ರದೇಶ ಕೂಡುವಲ್ಲಿನ ಮೇವಾತ್ ಸೀಮೆಯಲ್ಲಿ ‘ಟಟ್ಲು’ ಎಂಬ ಹಳೆಯ ಮೋಸವಿತ್ತು. ನೆಲ ಅಗೆಯುವಾಗ ಚಿನ್ನದ ಇಟ್ಟಿಗೆ ಸಿಕ್ಕಿದೆ ಎಂದು ನಂಬಿಸುವುದು, ಪರೀಕ್ಷೆಗೆ ಅಸಲಿ ಚಿನ್ನದ ಚೂರು ಕೊಡುವುದು, ಕೊನೆಗೆ ಹಿತ್ತಾಳೆ ಮಾರುವುದು. ಅಗ್ಗದ ಸ್ಮಾರ್ಟ್‌ಫೋನು, ಬೇರೆಯವರ ಹೆಸರಿನ ಸಿಮ್ಮು ಬಂದ ಮೇಲೆ ಅದೇ ಕಸುಬು ಹಳೆಯ ಸಾಮಾನಿನ ಜಾಹೀರಾತುಗಳಿಗೆ ಇಳಿಯಿತು. ಅಸಲಿ ಚಿನ್ನದ ಚೂರಿನ ಜಾಗಕ್ಕೆ 5 ರೂಪಾಯಿ ಬಂತು. 2023ರ ಏಪ್ರಿಲ್‌ನಲ್ಲಿ ಹರಿಯಾಣ ಪೊಲೀಸರು ಸುಮಾರು 5,000 ಸಿಬ್ಬಂದಿಯೊಡನೆ ನೂಹ್ ಜಿಲ್ಲೆಯ 14 ಹಳ್ಳಿಗಳ ಮೇಲೆ ಒಂದೇ ರಾತ್ರಿ ದಾಳಿ ಮಾಡಿದರು. ಕರ್ನಾಟಕದ ಪೊಲೀಸ್ ತಂಡಗಳೂ ಆ ಸೀಮೆಗೆ ಹೋಗಿ ಬಂದಿವೆ. ಕಸುಬು ಅಲ್ಲಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ, ಹಾಗಾಗಿ ಒಂದು ಸೀಮೆಯ ಜನರನ್ನೆಲ್ಲ ಕಳ್ಳರೆನ್ನುವುದು ಅನ್ಯಾಯ.

ಈ ಕಳ್ಳರು ಹಿಡಿದುಕೊಂಡ ಎಳೆ ತೀರ ಸಣ್ಣದು. ಯುಪಿಐ ಶುರುವಾದದ್ದು 2016ರಲ್ಲಿ. ಅದರಲ್ಲಿ ದುಡ್ಡು ಕಳಿಸುವುದಷ್ಟೇ ಅಲ್ಲ, ‘ಇಷ್ಟು ಕೊಡಿ’ ಎಂದು ಇನ್ನೊಬ್ಬರನ್ನು ಕೇಳುವ ಸೌಲಭ್ಯವೂ ಇತ್ತು, ಕಲೆಕ್ಟ್ ರಿಕ್ವೆಸ್ಟ್ ಎಂದು. ಕಳ್ಳ ಕೇಳುತ್ತಿದ್ದ, ನಾವು ಕೊಡುತ್ತಿದ್ದೆವು, ಕೊಡುವಾಗ ‘ಬರುತ್ತಿದೆ’ ಎಂದುಕೊಳ್ಳುತ್ತಿದ್ದೆವು. ಯುಪಿಐ ನಡೆಸುವ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ವ್ಯಕ್ತಿಯಿಂದ ವ್ಯಕ್ತಿಗೆ ಹೀಗೆ ಕೇಳುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಒಂಬತ್ತು ವರ್ಷ ತಡವಾಯಿತು ಎಂದೇ ನನ್ನ ಅನಿಸಿಕೆ, ಆದರೂ ಒಳ್ಳೆಯದೇ ಆಯಿತು. ಕ್ಯೂಆರ್ ಕೋಡು ಹಾಗೆಯೇ ಉಳಿದಿದೆ. ಅದನ್ನು ಸ್ಕ್ಯಾನ್ ಮಾಡುವವನು ಯಾವಾಗಲೂ ದುಡ್ಡು ಕೊಡುವವನೇ. ಪಿನ್ ಬೇಕಾಗುವುದು ದುಡ್ಡು ಕಳಿಸಲು, ಬ್ಯಾಲೆನ್ಸ್ ನೋಡಲು. ಪಡೆಯುವವನು ಪಿನ್ ಹಾಕಬೇಕಿಲ್ಲ, ಸ್ಕ್ಯಾನ್ ಮಾಡಬೇಕಿಲ್ಲ, ಲಿಂಕ್ ಒತ್ತಬೇಕಿಲ್ಲ, ಓಟಿಪಿ ಹೇಳಬೇಕಿಲ್ಲ. ಬೆರಳನ್ನೇ ಆಡಿಸಬೇಕಿಲ್ಲ. ಈ ಒಂದು ಸಂಗತಿಯನ್ನು ಮನೆಯ ಹಿರಿಯರಿಗೆ, ಕೆಲಸಕ್ಕೆ ಬರುವ ಅಕ್ಕನಿಗೆ, ಪಿ.ಜಿ.ಯಲ್ಲಿರುವ ತಮ್ಮನಿಗೆ ಇವತ್ತೇ ಕೂರಿಸಿಕೊಂಡು ಹೇಳಿ.

ಆ ದಾರಿ ಕಿರಿದಾದ ಮೇಲೆ ಬೇರೆ ದಾರಿಗಳು ಅಗಲವಾಗಿವೆ. ಗೇಟಿನ ಬಳಿಯೇ ನಿಂತು ‘ಪೇಮೆಂಟ್ ಆಯ್ತು ಅಣ್ಣ, ನೋಡಿ’ ಎಂದು ಹಸಿರು ಟಿಕ್ ತೋರಿಸಿ ಸಾಮಾನು ಹೊತ್ತೊಯ್ಯುವವರಿದ್ದಾರೆ. ಅಂಥ ಪರದೆ ತೋರಿಸಲೆಂದೇ ಮಾಡಿದ ನಕಲಿ ಆ್ಯಪ್‌ಗಳಿವೆ. ಅವನ ಮೊಬೈಲು ಏನು ಹೇಳುತ್ತದೆ ಎಂಬುದು ನಿಮಗೆ ಬೇಡ, ನಿಮ್ಮ ಬ್ಯಾಂಕ್ ಖಾತೆ ಏನು ಹೇಳುತ್ತದೆ ಎಂಬುದೇ ಲೆಕ್ಕ. ಖಾತೆ ತೆರೆದು ಬ್ಯಾಲೆನ್ಸ್ ನೋಡಿಯೇ ಹಗ್ಗ ಬಿಡಿ. ‘ಭಾನುವಾರ ಅಲ್ವಾ ಸಾರ್, ಬ್ಯಾಂಕ್ ರಜೆ, ಸೋಮವಾರ ಬರುತ್ತೆ’ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ವರ್ಷದ ಎಲ್ಲ ದಿನ, ಹಗಲು ರಾತ್ರಿ ನಡೆಯುತ್ತಿವೆ. ದುಡ್ಡಿಗೆ ಭಾನುವಾರವಿಲ್ಲ. ‘2,000ದ ಬದಲು ಕೈತಪ್ಪಿ 20,000 ಕಳಿಸಿಬಿಟ್ಟೆ, ಉಳಿದದ್ದು ವಾಪಸ್ ಹಾಕಿ ಮೇಡಂ, ಮಗುವಿಗೆ ಹುಷಾರಿಲ್ಲ’ ಎಂದು ಅಳುವವನ ಜೊತೆಗೇ ಬ್ಯಾಂಕಿನದರಂತೆ ಕಾಣುವ ಒಂದು ಎಸ್ಸೆಮ್ಮೆಸ್ಸೂ ಬರುತ್ತದೆ. ಅದು ಹತ್ತಂಕಿಯ ಮೊಬೈಲ್ ನಂಬರಿನಿಂದ ಬಂದಿದ್ದರೆ ಬ್ಯಾಂಕಿನದಲ್ಲ. ‘ನಿಮಗೆ ಗೊತ್ತಾಗ್ತಿಲ್ಲ, ಈ ಆ್ಯಪ್ ಹಾಕ್ಕೊಳ್ಳಿ, ನಾನೇ ಮಾಡಿಕೊಡ್ತೀನಿ’ ಎಂದು ನಿಮ್ಮ ಪರದೆ ಅವನಿಗೆ ಕಾಣಿಸುವ ಆ್ಯಪ್ ಹಾಕಿಸುವುದು ಇನ್ನೊಂದು ಬಗೆ. ಅಂಥ ಆ್ಯಪ್‌ಗಳ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು.

ಇವೆಲ್ಲಕ್ಕಿಂತ ನನಗೆ ದಿಗಿಲು ಹುಟ್ಟಿಸುವ ಬಗೆ ಬೇರೆ. ಅದರಲ್ಲಿ ದುಡ್ಡು ನಿಜವಾಗಿಯೂ ಬರುತ್ತದೆ. ನೀವು 40,000ಕ್ಕೆ ಲ್ಯಾಪ್‌ಟಾಪ್ ಮಾರುತ್ತಿದ್ದೀರಿ ಅನ್ನಿ. ಕಳ್ಳ ನಿಮ್ಮದೇ ಫೋಟೊ ಬಳಸಿ ಅದನ್ನೇ 30,000ಕ್ಕೆ ಇನ್ನೊಬ್ಬರಿಗೆ ತೋರಿಸಿರುತ್ತಾನೆ, ಇಲ್ಲವೇ ಯಾವುದೋ ಊರಿನ ಮುದುಕರೊಬ್ಬರನ್ನು ಹೆದರಿಸಿ ದುಡ್ಡು ಕೀಳುತ್ತಿರುತ್ತಾನೆ. ‘ಈ ಖಾತೆಗೆ ಹಾಕಿ’ ಎಂದು ಅವರಿಗೆ ಕೊಡುವುದು ನಿಮ್ಮ ಯುಪಿಐ ಐಡಿಯನ್ನು. ದುಡ್ಡು ಬರುತ್ತದೆ, ನೀವು ಸಮಾಧಾನದಿಂದ ಲ್ಯಾಪ್‌ಟಾಪ್ ಕೊಟ್ಟು ಕಳಿಸುತ್ತೀರಿ. ವಾರದ ಮೇಲೆ ಎಲ್ಲೋ ದೂರದ ಠಾಣೆಯ ಕೋರಿಕೆಯ ಮೇಲೆ ಬ್ಯಾಂಕು ನಿಮ್ಮ ಖಾತೆಯನ್ನೇ ತಡೆಹಿಡಿಯುತ್ತದೆ. ಸಂಬಳ ಬರುವ ಖಾತೆ, ಬಾಡಿಗೆ ಕಟ್ಟುವ ಖಾತೆ. ನೀವು ಕಳ್ಳನಲ್ಲ ಎಂದು ತೋರಿಸಲು ಆ ಠಾಣೆಗೆ ಪತ್ರ ಬರೆಯುತ್ತ ಕೂರಬೇಕು. ಹಾಗಾಗಿ ಎದುರು ನಿಂತವನ ಹೆಸರೂ ದುಡ್ಡು ಬಂದ ಖಾತೆಯ ಹೆಸರೂ ಬೇರೆಯಿದ್ದರೆ ಕೇಳಿ. ‘ಅಣ್ಣನ ಖಾತೆ’ ಎಂದರೆ ಅಣ್ಣನೊಡನೆ ಮಾತಾಡಿ. ಸರಿಕಾಣದಿದ್ದರೆ ವ್ಯಾಪಾರ ಬೇಡ. ಮಾತುಕತೆ, ಫೋಟೊ, ಬಿಲ್ಲು ಯಾವುದನ್ನೂ ಕೆಲವು ತಿಂಗಳು ಅಳಿಸಬೇಡಿ. ದಿನದ ವಹಿವಾಟಿಗೆ ಬೇರೆಯದೊಂದು ಸಣ್ಣ ಖಾತೆ ಇಟ್ಟುಕೊಂಡು ಇಂಥವಕ್ಕೆ ಅದನ್ನೇ ಬಳಸುವುದು ನಾನು ಕಂಡುಕೊಂಡ ದಾರಿ.

ವಾಹನದ ವಿಷಯಕ್ಕೆ ಬಂದರೆ ಸ್ವಲ್ಪ ಹೆಚ್ಚೇ ಹೇಳಬೇಕು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಬೈಕು, ಸ್ಕೂಟರ್ ಕೈ ಬದಲಾಗುವುದಕ್ಕೆ ಲೆಕ್ಕವೇ ಇಲ್ಲ. ಕೆಲಸ ಬದಲಾಯಿತು, ಊರು ಬಿಟ್ಟರು, ಗಾಡಿ ಉಳಿಯಿತು. ‘ಒಂದು ರೌಂಡ್ ಓಡಿಸಿ ನೋಡ್ತೀನಿ’ ಎಂದು ಹೋದವನು ತಿರುಗಿ ಬಾರದ ಪ್ರಕರಣಗಳು ಬೆಂಗಳೂರಿನ ಠಾಣೆಗಳಲ್ಲಿ ಸಾಕಷ್ಟಿವೆ. ಕೆಲವರು ತಾವು ಬಂದ ಹಳೆಯ ಗಾಡಿಯನ್ನು ನಂಬಿಕೆಗೆಂದು ಬಿಟ್ಟುಹೋಗುತ್ತಾರೆ, ಆಮೇಲೆ ನೋಡಿದರೆ ಅದೂ ಕದ್ದದ್ದು. ನೀವು ಹಿಂದೆ ಕೂತು ಹೋಗಿ, ಇಲ್ಲವೇ ಅಸಲಿ ಡ್ರೈವಿಂಗ್ ಲೈಸೆನ್ಸನ್ನೂ ಪೂರ್ತಿ ದುಡ್ಡನ್ನೂ ಕೈಯಲ್ಲಿ ಹಿಡಿದು ಕೀ ಕೊಡಿ.

ಅದಕ್ಕಿಂತ ದೊಡ್ಡ ಅಪಾಯ ಪ್ರಾಮಾಣಿಕ ವ್ಯಾಪಾರದಲ್ಲೇ ಇದೆ. ಗಾಡಿ ಕೊಟ್ಟಾಯಿತು, ದುಡ್ಡು ಬಂತು, ಆರ್‌ಸಿಯಲ್ಲಿ ಹೆಸರು ಮಾತ್ರ ಬದಲಾಗಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಮಾರುವವರೆಲ್ಲ ತಿಳಿದಿರಬೇಕು. 2007ರಲ್ಲಿ ಒಬ್ಬರು ಕಾರು ಮಾರಿದ್ದರು. ಅದು ಕೈಯಿಂದ ಕೈಗೆ ದಾಟುತ್ತ ಹೋಯಿತು, ದಾಖಲೆಯಲ್ಲಿ ಮಾತ್ರ ಮೊದಲ ಮಾಲೀಕರ ಹೆಸರೇ ಉಳಿದಿತ್ತು. 2009ರಲ್ಲಿ ಅಪಘಾತವಾಯಿತು. ಪರಿಹಾರ ಕೊಡಬೇಕಾದವರು ನೋಂದಣಿಯಲ್ಲಿ ಹೆಸರಿರುವ ಮಾಲೀಕರೇ ಎಂದು ನ್ಯಾಯಾಲಯ ಹೇಳಿತು. ಗಾಯಗೊಂಡವರು ಕಾರಿನ ಹಿಂದಿನ ಕೈಗಳನ್ನೆಲ್ಲ ಒಂದೊಂದಾಗಿ ಹುಡುಕಿಕೊಂಡು ಅಲೆಯಬಾರದು ಎಂಬುದು ಅದರ ಹಿಂದಿನ ನ್ಯಾಯ, ಅದು ಸರಿಯಾದ ನ್ಯಾಯವೇ. ಮಾರಿದವನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟು ‘ನೀವೇ ಮಾಡಿಸ್ಕೊಳ್ಳಿ’ ಎಂದು ಕೈತೊಳೆದುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಅದು ಬೇಡ. ಕೊಳ್ಳುವವರ ಜೊತೆ ಅರ್ಧ ದಿನ ರಜೆ ಹಾಕಿ ಕೆ.ಆರ್. ಪುರ ಅಥವಾ ಎಲೆಕ್ಟ್ರಾನಿಕ್ ಸಿಟಿಯ ಆರ್‌ಟಿಒ ಕೆಲಸ ಮುಗಿಸಿ. ಕಾರಾದರೆ ಫಾಸ್ಟ್ಯಾಗನ್ನೂ ಅದೇ ದಿನ ಮುಚ್ಚಿಸಿ. ಇಲ್ಲದಿದ್ದರೆ ಕೊಂಡವರು ಅತ್ತಿಬೆಲೆ ಟೋಲ್ ದಾಟಿದಾಗಲೆಲ್ಲ ನಿಮ್ಮ ಖಾತೆಯಿಂದ ದುಡ್ಡು ಹೋಗುತ್ತಿರುತ್ತದೆ, ಸಿಗ್ನಲ್ ಮುರಿದ ದಂಡದ ನೋಟಿಸೂ ನಿಮ್ಮ ಹೆಸರಿಗೇ ಬರುತ್ತದೆ.

ಎದುರಿಗೆ ನಿಂತು ನೋಡಿಯೇ ವ್ಯಾಪಾರ ಮಾಡಬೇಕೆಂಬ ಪಾಠವನ್ನು ಪೀಣ್ಯದ ವರ್ಕ್‌ಶಾಪುಗಳವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಹಳೆಯ ಲೇತ್ ಮಾರಾಟವಾಗುವುದನ್ನು ನೋಡಬೇಕು. ಎಚ್‌ಎಂಟಿ ಲೇತ್ ಎಂದರೆ ಎಷ್ಟು ಹಳೆಯದಾದರೂ ಕೇಳುವವರಿದ್ದಾರೆ. ಜಾಹೀರಾತು ಈಗ ಮೊಬೈಲಿನಲ್ಲೇ ಬರುತ್ತದೆ, ವ್ಯಾಪಾರ ಮಾತ್ರ ಶೆಡ್ಡಿನಲ್ಲೇ ನಡೆಯಬೇಕು. ಕೊಳ್ಳುವವನು ತನ್ನ ಮಿಸ್ತ್ರಿಯನ್ನು ಕರೆತರುತ್ತಾನೆ. ಮಿಸ್ತ್ರಿ ಮೊದಲು ಬೆಡ್ ಮೇಲೆ ಬೆರಳಾಡಿಸಿ ಸವೆತ ನೋಡುತ್ತಾನೆ, ಆಮೇಲೆ ಮೋಟಾರ್ ಹಚ್ಚಿ ಕಣ್ಣು ಮುಚ್ಚಿ ಸದ್ದು ಕೇಳುತ್ತಾನೆ, ಒಂದು ತುಂಡು ಕಬ್ಬಿಣ ತಿರುಗಿಸಿ ಅಳತೆ ಹಿಡಿಯುತ್ತಾನೆ. ಚಹಾ ಬರುತ್ತದೆ. ಬೆಲೆ ಇಳಿಯುತ್ತದೆ, ಏರುತ್ತದೆ. ದುಡ್ಡು ಖಾತೆಗೆ ಬಿದ್ದು, ಬಿಲ್ಲು ಹರಿದು, 50,000 ದಾಟಿದ ಸರಕಿಗೆ ಇ-ವೇ ಬಿಲ್ ಆಗುವ ತನಕ ಕ್ರೇನು ಕೊಕ್ಕೆ ಹಾಕುವುದಿಲ್ಲ. ‘ನೋಡೋದೇ ಬೇಡ, ದುಡ್ಡು ಕಳಿಸ್ತೀನಿ’ ಎನ್ನುವವನ ಫೋನನ್ನು ಅವರು ಅಲ್ಲಿಯೇ ಇಟ್ಟುಬಿಡುತ್ತಾರೆ. ನೋಡದೆ ಕೊಳ್ಳುವವನು ಕೊಳ್ಳುವವನೇ ಅಲ್ಲ ಎಂಬುದು ಅವರ ರಕ್ತದಲ್ಲಿದೆ. ನನ್ನ ಫ್ರಿಜ್ ತಣ್ಣಗಾಗುತ್ತದೆಯೇ ಎಂದು ಕೇಳದವನ ಮೇಲೆ ನನಗೆ ಬರಬೇಕಿದ್ದ ಅನುಮಾನ ಅದೇ.

ನಗದು ವ್ಯವಹಾರ ಸುರಕ್ಷಿತ ಎನ್ನುವವರಿದ್ದಾರೆ. ಸಣ್ಣ ಮೊತ್ತಕ್ಕೆ ನಿಜ. ಆದರೆ ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ, ದಂಡ ಬೀಳುವುದು ಪಡೆದವನಿಗೆ. ಕಾರು, ಲೇತ್ ಮಾರುವವರು ನೆನಪಿಡಬೇಕಾದ ಮಾತು.

ಮೊಬೈಲು ಮಾರುವಾಗ ಜನ ಫೋಟೊ ಅಳಿಸುತ್ತಾರೆ, ಖಾತೆ ಮರೆಯುತ್ತಾರೆ. ಮೊದಲು ಯುಪಿಐ ಆ್ಯಪ್‌ಗಳಿಂದ, ಇಮೇಲ್ ಖಾತೆಯಿಂದ ಹೊರಬನ್ನಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಬಿಲ್ಲಿನ ಪ್ರತಿ, ಐಎಂಇಐ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೊಳ್ಳುವವರು ಕೇಂದ್ರ ಸರ್ಕಾರದ ಸಂಚಾರ್ ಸಾಥಿಯಲ್ಲಿ ಆ ಸಂಖ್ಯೆ ಹಾಕಿ ಅದು ಕದ್ದ ಫೋನಲ್ಲವೆಂದು ನೋಡಿಕೊಳ್ಳಲಿ, ಬೇಸರ ಪಡಬೇಡಿ. ಹಾಗೆ ನೋಡುವವನು ನಂಬಬಹುದಾದ ಗಿರಾಕಿ.

ಹೆಣ್ಣುಮಕ್ಕಳು ಮಾರುವಾಗ ಇನ್ನೊಂದು ಕಾಟ. ಕುಂದಲಹಳ್ಳಿ, ಮಾರತಹಳ್ಳಿಯ ಪಿ.ಜಿ.ಗಳಲ್ಲಿ ಇರುವವರನ್ನು ಕೇಳಿ ನೋಡಿ. ಟೇಬಲ್ ಮಾರಲು ನಂಬರ್ ಕೊಟ್ಟರೆ ಟೇಬಲ್ ಹೋದ ಮೇಲೂ ರಾತ್ರಿ ಹನ್ನೊಂದಕ್ಕೆ ‘ಹಾಯ್’ ಎಂದು ಸಂದೇಶ ಬರುತ್ತದೆ. ಜಾಹೀರಾತಿನಲ್ಲಿ ನಂಬರ್ ಕಾಣದಂತೆ ಇಟ್ಟು ಆ್ಯಪ್ಪಿನೊಳಗೇ ಮಾತಾಡುವುದು ಮೇಲು. ಫೋಟೊದಲ್ಲಿ ಬಾಗಿಲ ನಂಬರು, ಕಿಟಕಿಯಾಚೆಯ ಕಟ್ಟಡ, ಗೋಡೆಯ ಮೇಲಿನ ಮನೆಯವರ ಚಿತ್ರ ಬೇಡ. ಒಂಟಿಯಾಗಿರುವಾಗ ಯಾರನ್ನೂ ಮನೆಯೊಳಗೆ ಕರೆಯಬೇಡಿ, ಸಾಮಾನನ್ನೇ ಕೆಳಗೆ ಇಳಿಸಿಡಿ. ಅಮೆರಿಕದ ಎಷ್ಟೋ ಊರುಗಳಲ್ಲಿ ಪೊಲೀಸ್ ಠಾಣೆಯ ಅಂಗಳದಲ್ಲೇ ಕ್ಯಾಮೆರಾದ ಕೆಳಗೆ ಇಂಥ ವಿನಿಮಯಕ್ಕೆ ಜಾಗ ಗುರುತಿಸಿದ್ದಾರೆ. ವೈಟ್‌ಫೀಲ್ಡ್, ಹೆಬ್ಬಗೋಡಿ, ಪೀಣ್ಯದ ಠಾಣೆಗಳ ಮುಂದೆ ಅಂಥದೊಂದು ಹಳದಿ ಗೆರೆ ಎಳೆಯಲು ಎಷ್ಟು ಬಣ್ಣ ಬೇಕು? ಅಲ್ಲಿಯವರೆಗೆ ಮೆಟ್ರೊ ನಿಲ್ದಾಣದ ಮೆಟ್ಟಿಲ ಬುಡ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಕ್ಯಾಬಿನ್ ನಮ್ಮ ಸಂತೆಮಾಳ.

ದುಡ್ಡು ಹೋಗಿಯೇ ಬಿಟ್ಟರೆ ಆಗ ನಾಚಿಕೆಗೆ ಸಮಯವಿಲ್ಲ. ನಾನು ಎರಡು ದಿನ ಸುಮ್ಮನಿದ್ದೆನಲ್ಲ, ಆ ಎರಡು ದಿನದಲ್ಲಿ ನನ್ನ 13,000 ನಾಲ್ಕು ಖಾತೆ ದಾಟಿ ಯಾವುದೋ ಎಟಿಎಮ್ಮಿನಿಂದ ಹೊರಬಿದ್ದಿರಬೇಕು. ಆಗ ಈಗಿನ ಸಹಾಯವಾಣಿಯೂ ಇರಲಿಲ್ಲ. 2021ರಲ್ಲಿ ಒಂದು ನಂಬರ್ ಬಂತು, ಮರುವರ್ಷ ಅದು 1930 ಆಯಿತು. ಈ ನಂಬರಿಗೆ ಕರೆ ಮಾಡಿದ ಕೂಡಲೆ ದೂರು ಬ್ಯಾಂಕುಗಳ ಜಾಲಕ್ಕೆ ಹೋಗುತ್ತದೆ. ಕಳ್ಳನ ಖಾತೆಯಲ್ಲಿ, ಅವನು ಮುಂದಕ್ಕೆ ದಾಟಿಸಿದ ಖಾತೆಗಳಲ್ಲಿ ಉಳಿದದ್ದನ್ನು ತಡೆಹಿಡಿಯುತ್ತಾರೆ. ಮೊದಲ ಗಂಟೆಯಲ್ಲಿ ಕರೆ ಮಾಡಿದವರಿಗೆ ಸಿಗುವ ಅವಕಾಶ ಮರುದಿನ ಮಾಡಿದವರಿಗೆ ಇಲ್ಲ. ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಲಿ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ನಿಮ್ಮ ವಿಭಾಗದ ಸೈಬರ್ ಅಪರಾಧ ಠಾಣೆಗೆ ಹೋಗಿ. ದೇಶದಲ್ಲಿ ಮೊದಲ ಸೈಬರ್ ಠಾಣೆ ಶುರುವಾದದ್ದು 2001ರಲ್ಲಿ, ಇದೇ ಬೆಂಗಳೂರಿನಲ್ಲಿ.

ಬ್ಯಾಂಕು ತುಂಬಿಕೊಡುತ್ತದೆಯೇ? ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ನಮ್ಮ ತಪ್ಪಿಲ್ಲದೆ ಹೊರಗಿನವರು ಕನ್ನ ಹಾಕಿದ್ದರೆ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ಗ್ರಾಹಕರ ಅಜಾಗರೂಕತೆಯಿಂದ ಆದದ್ದಾದರೆ ದೂರು ಕೊಡುವವರೆಗಿನ ನಷ್ಟ ಗ್ರಾಹಕರದೇ. ಪಿನ್ ಒತ್ತಿದ್ದು ನನ್ನ ಬೆರಳು. ನನ್ನ ದುಡ್ಡು ವಾಪಸ್ ಬರಲಿಲ್ಲ. ಹೆಂಡತಿಗೆ ಹೇಳಿದ ದಿನ ಅವಳು ಬೈಯಲಿಲ್ಲ. ‘ಅವತ್ತೇ ಹೇಳಿದ್ರೆ ಇಬ್ಬರೂ ಸೇರಿ ಏನಾದರೂ ಮಾಡಬಹುದಿತ್ತು’ ಎಂದಳು, ಅಷ್ಟೇ.

ಮೊನ್ನೆ ಮಗ ಹಾಸ್ಟೆಲಿಗೆ ಹೋದ ಮೇಲೆ ಅವನ ಮಂಚ ಮಾರಬೇಕಾಯಿತು. ಜಾಹೀರಾತಿನಲ್ಲಿ ‘ಅರ್ಜೆಂಟ್’ ಬರೆಯಲಿಲ್ಲ. ಮೂರು ಕರೆಗಳನ್ನು ಬಿಟ್ಟೆ. ನಾಲ್ಕನೆಯವನು ‘ಅಣ್ಣ, ಗೆದ್ದಲು ಹಿಡಿದಿದೆಯಾ? ಬಿಚ್ಚಕ್ಕೆ ಬರುತ್ತಾ? ನಮ್ಮನೆ ಮೆಟ್ಟಿಲು ಸಣ್ಣದು’ ಎಂದು ಕೇಳಿದ. ಬನ್ನಿ ಎಂದೆ. ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗ, ಹಗಲಲ್ಲೇ ಹೆಂಡತಿಯ ಜೊತೆ ಬಂದ. ಮಂಚವನ್ನು ಮೊದಲೇ ಬಿಚ್ಚಿ ಗೇಟಿನ ಹತ್ತಿರ ಒರಗಿಸಿದ್ದೆ. ಸೆಕ್ಯುರಿಟಿಯವರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಹುಡುಗ ಹಲಗೆಗಳನ್ನು ಒಂದೊಂದಾಗಿ ತಟ್ಟಿ ನೋಡಿದ. ಹುಡುಗಿ ‘ಇನ್ನೂರು ಬಿಡಿ ಅಂಕಲ್, ಗಾಡಿ ಬಾಡಿಗೆ ಆಗುತ್ತೆ’ ಎಂದಳು. ಬಿಟ್ಟೆ. ನನ್ನ ಕ್ಯೂಆರ್ ತೋರಿಸಿದೆ, ಅವನು ಸ್ಕ್ಯಾನ್ ಮಾಡಿದ. ಖಾತೆ ತೆರೆದು ನೋಡಿದೆ. ನಾನು ನೋಡಿ ಮುಗಿಸುವವರೆಗೆ ಅವನು ಹಗ್ಗ ಮುಟ್ಟಲಿಲ್ಲ.

ಗಾಡಿ ಹೋದ ಅರ್ಧ ಗಂಟೆಗೆ ಕಿಟಕಿಯ ಮೇಲೆ ನಟ್ಟು ಬೋಲ್ಟಿನ ಪೊಟ್ಟಣ ಕಂಡಿತು. ಫೋನ್ ಮಾಡಿದೆ. ‘ಅಯ್ಯೋ ಅಣ್ಣ, ನಾವಾಗಲೇ ಮನೆ ಹತ್ರ ಬಂದ್ವಿ’ ಎಂದ. ಹಳದಿ ಮಾರ್ಗದ ಮೆಟ್ರೊ ಹತ್ತಿ ಬೊಮ್ಮಸಂದ್ರದಲ್ಲಿ ಇಳಿದೆ. ಮೆಟ್ಟಿಲ ಬುಡದಲ್ಲಿ ಅವನು ನಿಂತಿದ್ದ. ಪೊಟ್ಟಣ ಬಿಚ್ಚಿ, ನಿಂತಲ್ಲೇ ಎಣಿಸಿದ. ಹದಿನಾರು ಇರಬೇಕಿತ್ತು, ಹದಿನಾರೂ ಇದ್ದವು.